ಕರುಳು ತೊಳೆಯುವವರ ಚರಿತ್ರೆ

ಇಪ್ಪತ್ತನೇ ಶತಮಾನದ ಮೊದಲ ವರ್ಷಗಳಲ್ಲಿ ಲಂಡನ್ನಿನ ಗೈಸ್ ಆಸ್ಪತ್ರೆಯಲ್ಲಿ ವಿಲಿಯಂ ಆರ್ಬತ್‌ನಾಟ್ ಲೇನ್ ಎಂಬ ಶಸ್ತ್ರವೈದ್ಯನಿದ್ದ. ಮುರಿದ ಮೂಳೆಗೆ ಲೋಹದ ಪಟ್ಟಿ ಇಟ್ಟು ಸ್ಕ್ರೂ ಹಾಕಿ ಕೂಡಿಸುವುದರಲ್ಲಿ, ಸೀಳು ಅಂಗುಳಿನ ಮಕ್ಕಳಿಗೆ ಬಾಯಿ ಸರಿಮಾಡುವುದರಲ್ಲಿ ಅವನದು ದೊಡ್ಡ ಹೆಸರು. ಗಾಯವನ್ನು ಬೆರಳಿನಿಂದ ಮುಟ್ಟದೆ, ಉದ್ದ ಹಿಡಿಕೆಯ ಸಲಕರಣೆಗಳಿಂದಲೇ ಕೆಲಸ ಮುಗಿಸುತ್ತಿದ್ದ. ಇಂಥ ಪಳಗಿದ ಕೈ ಮಲಬದ್ಧತೆಯ ಕಡೆಗೆ ತಿರುಗಿತು. ಸದಾ ಸುಸ್ತು, ತಲೆನೋವು, ಮಂಕು ಎಂದು ಬಂದ ರೋಗಿಗಳ ದೊಡ್ಡ ಕರುಳನ್ನೇ ಅವನು ಕತ್ತರಿಸಿ ತೆಗೆಯತೊಡಗಿದ. ಹಾಗೆ ಕರುಳು ಕಳೆದುಕೊಂಡವರಲ್ಲಿ ಹೆಚ್ಚಿನವರು ಹೆಂಗಸರು. ಪೆನಿಸಿಲಿನ್ ಇನ್ನೂ ಕಂಡುಹಿಡಿಯದ ಕಾಲ ಅದು. ಕೆಲವರು ಶಸ್ತ್ರಚಿಕಿತ್ಸೆಯಿಂದಲೇ ಸತ್ತರು.

ಲೇನ್ ಕಟುಕನಲ್ಲ, ಮೋಸಗಾರನೂ ಅಲ್ಲ. ಕರುಳಿನಲ್ಲಿ ನಿಂತ ಮಲದಿಂದ ವಿಷ ಹುಟ್ಟಿ, ಅದು ರಕ್ತಕ್ಕೆ ಸೇರಿ, ಸಂಧಿವಾತದಿಂದ ಹಿಡಿದು ಕ್ಯಾನ್ಸರಿನ ತನಕ ಎಲ್ಲವನ್ನೂ ತರುತ್ತದೆ ಎಂದು ಅವನು ಮನಸಾರೆ ನಂಬಿದ್ದ. ಇಂದು ಮೊಬೈಲಿನಲ್ಲಿ ಬರುವ ‘ಹೊಟ್ಟೆ ಡಿಟಾಕ್ಸ್’ ಪುಡಿಯ ಜಾಹೀರಾತು ಹೇಳುವುದೂ ಹೆಚ್ಚುಕಡಿಮೆ ಇದನ್ನೇ. ಕರುಳು ತೊಳೆಸಿಕೊಂಡರೆ ಒಳ್ಳೆಯದೇ ಎಂದು ಕೇಳುವವರು ಮೊದಲು ಈ ನಂಬಿಕೆ ಎಲ್ಲಿಂದ ಬಂತು, ಒಮ್ಮೆ ಹೇಗೆ ಬಿದ್ದುಹೋಯಿತು ಎಂದು ತಿಳಿದುಕೊಳ್ಳುವುದು ಮೇಲು.

ನಂಬಿಕೆ ಬಹಳ ಹಳೆಯದು. ಈಜಿಪ್ಟಿನ ಜನ ಪ್ರತಿ ತಿಂಗಳೂ ಸತತ ಮೂರು ದಿನ ವಾಂತಿ ಮಾಡಿಕೊಂಡು, ಎನಿಮಾ ತೆಗೆದುಕೊಂಡು ಹೊಟ್ಟೆ ಖಾಲಿ ಮಾಡುತ್ತಾರೆ, ರೋಗಗಳೆಲ್ಲ ತಿನ್ನುವ ಅನ್ನದಿಂದಲೇ ಬರುತ್ತವೆಂದು ಅವರ ಎಣಿಕೆ ಎಂದು ಗ್ರೀಕ್ ಇತಿಹಾಸಕಾರ ಹೆರೊಡೋಟಸ್ ಬರೆದಿದ್ದಾನೆ. ಕ್ರಿ.ಪೂ. 1550ರ ಸುಮಾರಿನ ಏಬರ್ಸ್ ಪಪೈರಸ್ಸಿನಲ್ಲಿ ಭೇದಿಯ ಔಷಧಗಳು ಬೇಕಾದಷ್ಟಿವೆ, ಹರಳಿನ ಪ್ರಸ್ತಾಪವೂ ಇದೆ. ಫೇರೋನ ಆಸ್ಥಾನದಲ್ಲಿ ಇದಕ್ಕೆಂದೇ ಒಬ್ಬ ವೈದ್ಯನಿದ್ದ. ಅವನ ಬಿರುದನ್ನು ಕನ್ನಡಕ್ಕೆ ತಂದರೆ ‘ಗುದಪಾಲಕ’ ಎಂದಾಗುತ್ತದೆ. ನಗು ಬಂದರೂ ಅದು ಗೌರವದ ಹುದ್ದೆಯೇ.

ಫ್ರಾನ್ಸಿನಲ್ಲಿ ಹದಿನೇಳನೇ ಶತಮಾನದ ಹೊತ್ತಿಗೆ ಎನಿಮಾ ಸಿರಿವಂತರ ದಿನಚರಿಯಾಗಿತ್ತು. ಮೋಲಿಯೇರ್ ಬರೆದ ಕೊನೆಯ ನಾಟಕದ ನಾಯಕ ಆರ್ಗಾನ್‌ಗೆ ರೋಗವೇನೂ ಇಲ್ಲ, ರೋಗದ ಭ್ರಮೆ ಮಾತ್ರ. ಪರದೆ ಎದ್ದಾಗ ಅವನು ಔಷಧಿ ಅಂಗಡಿಯವನ ಬಿಲ್ಲನ್ನು ಮುಂದಿಟ್ಟುಕೊಂಡು, ಆ ತಿಂಗಳು ಎಷ್ಟು ಎನಿಮಾ ಆಯಿತು, ಒಂದೊಂದಕ್ಕೂ ಎಷ್ಟು ಹಣವಾಯಿತು ಎಂದು ಲೆಕ್ಕ ಹಾಕುತ್ತಿರುತ್ತಾನೆ. ಆ ಪಾತ್ರವನ್ನು ಮೋಲಿಯೇರ್ ತಾನೇ ಆಡುತ್ತಿದ್ದ. 1673ರ ಫೆಬ್ರವರಿ 17ರಂದು, ನಾಲ್ಕನೇ ಪ್ರದರ್ಶನದಲ್ಲಿ, ರೋಗಿಯ ನಟನೆ ಮಾಡುತ್ತಿದ್ದವನು ನಿಜವಾಗಿಯೇ ಕುಸಿದ. ಅದೇ ರಾತ್ರಿ ತೀರಿಕೊಂಡ.

ಅಲ್ಲಿಯವರೆಗೆ ಇದು ರೂಢಿಯ ಮಾತು. ಅದಕ್ಕೆ ವಿಜ್ಞಾನದ ಅಂಗಿ ತೊಡಿಸಿದ್ದು ಹತ್ತೊಂಬತ್ತನೇ ಶತಮಾನ. ರೋಗಾಣುಗಳ ಸಿದ್ಧಾಂತ ಆಗ ಹೊಸದು. ಮಲದಲ್ಲಿ ಲೆಕ್ಕವಿಲ್ಲದಷ್ಟು ಬ್ಯಾಕ್ಟೀರಿಯಾಗಳಿವೆ ಎಂದು ಸೂಕ್ಷ್ಮದರ್ಶಕ ತೋರಿಸಿತ್ತು. ಬ್ಯಾಕ್ಟೀರಿಯಾ ಎಂದರೆ ರೋಗ ಎಂದು ತಿಳಿದಿದ್ದವರಿಗೆ ಮುಂದಿನ ಹೆಜ್ಜೆ ಸುಲಭವಾಯಿತು. ಪ್ಯಾರಿಸ್ಸಿನ ಶಾರ್ಲ್ ಬುಶಾರ್ 1887ರಲ್ಲಿ ತನ್ನ ಉಪನ್ಯಾಸಗಳನ್ನು ಪುಸ್ತಕವಾಗಿ ತಂದ. ದೇಹ ತನ್ನೊಳಗೇ ಹುಟ್ಟಿದ ವಿಷದಿಂದ ತನಗೆ ತಾನೇ ವಿಷವುಣಿಸುತ್ತದೆ ಎಂಬುದು ಅದರ ಸಾರ. ಅವನು ಅದಕ್ಕೆ ‘ಆಟೋ ಇಂಟಾಕ್ಸಿಕೇಶನ್’ ಎಂದು ಹೆಸರಿಟ್ಟ. ಸ್ವವಿಷ ಎನ್ನೋಣ. ಮನುಷ್ಯರ ಮೂತ್ರವನ್ನು ಮೊಲಗಳಿಗೆ ಚುಚ್ಚಿ, ಎಷ್ಟು ಚುಚ್ಚಿದರೆ ಸಾಯುತ್ತವೆಂದು ಅವನು ಅಳೆದಿದ್ದ. ದೇಹ ಹೊರಹಾಕಿದ್ದನ್ನು ಇನ್ನೊಂದು ಪ್ರಾಣಿಯ ರಕ್ತಕ್ಕೆ ತುಂಬಿದರೆ ಅದು ಸಾಯುವುದರಲ್ಲಿ ಆಶ್ಚರ್ಯವಿಲ್ಲ. ಹೊರಹಾಕಲೆಂದೇ ಮೂತ್ರಪಿಂಡ, ಯಕೃತ್ತುಗಳಿವೆ ಎಂಬ ಸರಳ ಪಾಠ ಆಗ ಬದಿಗೆ ಸರಿಯಿತು.

ಪಾಶ್ಚರ್ ಸಂಸ್ಥೆಯಲ್ಲಿದ್ದ ಇಲ್ಯಾ ಮೆಚ್ನಿಕಾಫ್ ಇನ್ನೂ ಒಂದು ಹೆಜ್ಜೆ ಮುಂದೆ ಹೋದ. ಬಿಳಿ ರಕ್ತಕಣಗಳು ರೋಗಾಣುಗಳನ್ನು ನುಂಗುತ್ತವೆ ಎಂದು ಕಂಡುಹಿಡಿದು 1908ರ ನೊಬೆಲ್ ಬಹುಮಾನ ಹಂಚಿಕೊಂಡವನು ಅವನು. ದೊಡ್ಡ ಕರುಳು ಪೂರ್ವಜರಿಂದ ಉಳಿದುಬಂದ ಬೇಡದ ಅಂಗ, ಮುಪ್ಪು ಬೇಗ ಬರುವುದು ಅಲ್ಲಿಯ ಕೊಳೆತದಿಂದ ಎಂದು ಅವನ ವಾದ. ಬಲ್ಗೇರಿಯಾದ ಹಳ್ಳಿಗರು ಹುಳಿ ಹಾಲು ಕುಡಿದು ಬಹುಕಾಲ ಬದುಕುತ್ತಾರೆಂದು ಕೇಳಿ, ತಾನೂ ದಿನವೂ ಕುಡಿದ. ಯುರೋಪಿನ ಪೇಟೆಗಳಲ್ಲಿ ಮೊಸರಿನ ವ್ಯಾಪಾರ ಕುದುರಿದ್ದು ಅವನ ಮಾತಿನಿಂದ. ಮೂರು ಹೊತ್ತೂ ಮಜ್ಜಿಗೆಯನ್ನ ಉಂಡು ಬೆಳೆದ ನಮ್ಮವರಿಗೆ ಯಾರೂ ಬಹುಮಾನ ಕೊಡಲಿಲ್ಲ, ಅದು ಬೇರೆ ಮಾತು. ಮೆಚ್ನಿಕಾಫ್ 71ನೇ ವಯಸ್ಸಿಗೆ ತೀರಿಕೊಂಡ.

ನೊಬೆಲ್ ಪಡೆದವನೇ ದೊಡ್ಡ ಕರುಳು ಬೇಡವೆಂದ ಮೇಲೆ ಲೇನ್‌ನಂಥ ಶಸ್ತ್ರವೈದ್ಯನ ಕತ್ತರಿಯನ್ನು ತಡೆಯುವವರಾರು? 1913ರಲ್ಲಿ ಲಂಡನ್ನಿನ ರಾಯಲ್ ಸೊಸೈಟಿ ಆಫ್ ಮೆಡಿಸಿನ್‌ನಲ್ಲಿ ಈ ಕರುಳಿನ ವಿಷದ ಬಗ್ಗೆ ಹಲವು ಬೈಠಕ್ಕುಗಳ ದೊಡ್ಡ ಚರ್ಚೆಯೇ ನಡೆಯಿತು. ಆ ವಿಷ ಯಾವುದು, ಅದನ್ನು ರಕ್ತದಲ್ಲಿ ಕಂಡವರಾರು ಎಂಬ ಪ್ರಶ್ನೆಗೆ ಒಪ್ಪುವಂಥ ಉತ್ತರ ಸಿಗಲಿಲ್ಲ. ಬರ್ನಾರ್ಡ್ ಷಾ ಅದಕ್ಕೂ ಮೊದಲೇ, 1906ರಲ್ಲಿ, ‘ದಿ ಡಾಕ್ಟರ್ಸ್ ಡೈಲಮಾ’ ನಾಟಕದಲ್ಲಿ ಕಟ್ಲರ್ ವಾಲ್‌ಪೋಲ್ ಎಂಬ ಶಸ್ತ್ರವೈದ್ಯನನ್ನು ತಂದಿದ್ದ. ಅವನ ಪ್ರಕಾರ ಯಾರಿಗೆ ಏನೇ ಕಾಯಿಲೆ ಬಂದರೂ ಕಾರಣ ರಕ್ತದ ನಂಜು. ಪರಿಹಾರ, ಹೊಟ್ಟೆಯೊಳಗಿನ ಒಂದು ಚೀಲವನ್ನು ಕತ್ತರಿಸಿ ತೆಗೆಯುವುದು. ಅಂಥ ಚೀಲ ಮನುಷ್ಯರಲ್ಲಿ ಇಲ್ಲವೇ ಇಲ್ಲ!

ಕತ್ತರಿಗೆ ಹೆದರಿದವರಿಗೆ ನೀರಿತ್ತು. ಅಮೆರಿಕದ ಮಿಶಿಗನ್ ರಾಜ್ಯದ ಬ್ಯಾಟಲ್ ಕ್ರೀಕ್‌ನಲ್ಲಿ ಡಾಕ್ಟರ್ ಜಾನ್ ಹಾರ್ವೆ ಕೆಲಾಗ್ ನಡೆಸುತ್ತಿದ್ದ ಆರೋಗ್ಯಧಾಮಕ್ಕೆ ಹಣವಂತರೂ ಹೆಸರುವಾಸಿಗಳೂ ಸಾಲುಗಟ್ಟಿ ಬರುತ್ತಿದ್ದರು. ಮಾಂಸವಿಲ್ಲ, ಕಾಫಿಯಿಲ್ಲ, ಮದ್ಯವಿಲ್ಲ. ಎನಿಮಾಕ್ಕೆಂದೇ ಯಂತ್ರಗಳು. ಮೊಸರನ್ನು ಒಂದಿಷ್ಟು ಬಾಯಿಂದ ಕೊಟ್ಟರೆ ಇನ್ನೊಂದಿಷ್ಟನ್ನು ಕೆಳಗಿನಿಂದ ಏರಿಸುತ್ತಿದ್ದರು. ಕಾರ್ನ್ ಫ್ಲೇಕ್ಸ್ ಹುಟ್ಟಿದ್ದೂ ಈ ಮನೆಯ ಅಡುಗೆಮನೆಯ ಪ್ರಯೋಗಗಳಿಂದಲೇ. ಅದನ್ನು ವ್ಯಾಪಾರವಾಗಿ ಬೆಳೆಸಿದವನು ತಮ್ಮ ವಿಲ್. ಇತ್ತ ನ್ಯೂಯಾರ್ಕಿನಲ್ಲಿ ಚಾರ್ಲ್ಸ್ ಟಿರೆಲ್ ಎಂಬವನು ಮನೆಯಲ್ಲೇ ಕರುಳು ತೊಳೆದುಕೊಳ್ಳುವ ರಬ್ಬರಿನ ಚೀಲವೊಂದನ್ನು ‘ಜೆ.ಬಿ.ಎಲ್. ಕ್ಯಾಸ್ಕೇಡ್’ ಎಂಬ ಹೆಸರಲ್ಲಿ ಮಾರಿದ. ಜೆ ಬಿ ಎಲ್ ಎಂದರೆ ಆನಂದ, ಸೌಂದರ್ಯ, ಜೀವನ.

ಈಗ ಮುಖ್ಯ ಮಾತಿಗೆ ಬರೋಣ. ಇದೆಲ್ಲ ಸುಳ್ಳಾಗಿದ್ದರೆ, ತೊಳೆಸಿಕೊಂಡವರಿಗೆ ಹಾಯೆನಿಸುತ್ತಿದ್ದುದು ಏಕೆ? ನಾಲ್ಕು ದಿನ ಹೊಟ್ಟೆ ಕಟ್ಟಿದವನಿಗೆ ತಲೆ ಭಾರ, ನಾಲಿಗೆ ಕೆಟ್ಟ ರುಚಿ, ಯಾವುದರಲ್ಲೂ ಮನಸ್ಸಿಲ್ಲ. ಹೊಟ್ಟೆ ಖಾಲಿಯಾದೊಡನೆ ಲೋಕವೇ ಹಗುರ. ಇದು ಎಲ್ಲರೂ ಬಲ್ಲ ಅನುಭವ, ಇದರಲ್ಲಿ ಭ್ರಮೆಯೇನೂ ಇಲ್ಲ. ಅಮೆರಿಕದ ವೈದ್ಯ ವಾಲ್ಟರ್ ಆಲ್ವರೆಜ್ 1919ರಲ್ಲಿ ಅಲ್ಲಿನ ವೈದ್ಯಕೀಯ ಸಂಘದ ಪತ್ರಿಕೆಯಲ್ಲಿ ಈ ಅನುಭವವನ್ನೇ ಹಿಡಿದು ಸಿದ್ಧಾಂತವನ್ನು ಪ್ರಶ್ನಿಸಿದ. ಸಂಕಟ ರಕ್ತದಲ್ಲಿ ಸೇರಿದ ವಿಷದಿಂದ ಬಂದಿದ್ದರೆ, ಮಲ ಹೋದ ಮರುಕ್ಷಣ ಅದು ಹೇಗೆ ಮಾಯವಾದೀತು? ಕುಡಿದವನ ಕೈಯಿಂದ ಬಾಟಲಿ ಕಿತ್ತುಕೊಂಡ ಮಾತ್ರಕ್ಕೆ ಅಮಲು ಇಳಿಯುವುದಿಲ್ಲವಲ್ಲ. ರಕ್ತ ತಿಳಿಯಾಗಲು ಗಂಟೆಗಳೇ ಬೇಕು.

1922ರಲ್ಲಿ ಡೊನಾಲ್ಡ್‌ಸನ್ ಎಂಬ ವೈದ್ಯ ಅದೇ ಪತ್ರಿಕೆಯಲ್ಲಿ ತನ್ನ ಪ್ರಯೋಗದ ವರದಿ ಕೊಟ್ಟ. ಆರೋಗ್ಯವಂತ ಗಂಡಸರು ಕೆಲವರು ಮೂರು ನಾಲ್ಕು ದಿನ ಬೇಕೆಂದೇ ಮಲ ತಡೆದುಕೊಂಡರು. ಪುಸ್ತಕಗಳಲ್ಲಿ ಬರೆದ ‘ವಿಷ’ದ ಲಕ್ಷಣಗಳೆಲ್ಲ ಕಾಣಿಸಿಕೊಂಡವು, ಎನಿಮಾ ಕೊಟ್ಟೊಡನೆ ಹೋದವು. ಆಮೇಲೆ ಗುದನಾಳದಲ್ಲಿ ಶುದ್ಧ ಹತ್ತಿಯನ್ನು ತುಂಬಿದರು. ಅದೇ ತಲೆಭಾರ, ಅದೇ ಮಂಕು, ಅದೇ ಸಂಕಟ! ಹತ್ತಿಯಲ್ಲಿ ಯಾವ ವಿಷ? ಕರುಳು ಉಬ್ಬಿದಾಗ ಅದರ ಗೋಡೆಯ ನರಗಳು ಕಳಿಸುವ ಸುದ್ದಿಯೇ ಆ ಸಂಕಟ. ನೋವು ನಿಜ, ಉಪಶಮನವೂ ನಿಜ, ಕೊಟ್ಟ ಕಾರಣ ಮಾತ್ರ ತಪ್ಪು. ವೈದ್ಯಕೀಯದ ಇತಿಹಾಸದಲ್ಲಿ ಇಷ್ಟು ಅಗ್ಗದ, ಇಷ್ಟು ಚೊಕ್ಕವಾದ ಪ್ರಯೋಗಗಳು ಹೆಚ್ಚಿಲ್ಲ. ಒಂದು ಹಿಡಿ ಹತ್ತಿಯ ಖರ್ಚಿನಲ್ಲಿ ತಿಳಿಯಬಹುದಾಗಿದ್ದ ಸಂಗತಿ, ಲೇನ್‌ನ ಮೇಜಿನ ಮೇಲೆ ಮಲಗಿದ ಹೆಂಗಸರ ಕಾಲಕ್ಕೆ ಯಾರಿಗೂ ಹೊಳೆಯಲಿಲ್ಲ.

ಲೇನ್ ಕೂಡ ಕೊನೆಗೆ ಕತ್ತರಿ ಕೆಳಗಿಟ್ಟ. 1925ರಲ್ಲಿ ‘ನ್ಯೂ ಹೆಲ್ತ್ ಸೊಸೈಟಿ’ ಕಟ್ಟಿ ತೌಡು ತೆಗೆಯದ ಹಿಟ್ಟಿನ ರೊಟ್ಟಿ, ಹಣ್ಣು, ತರಕಾರಿ ತಿನ್ನಿ ಎಂದು ಸಾರುತ್ತಾ ತಿರುಗಿದ. ವೈದ್ಯರು ಪತ್ರಿಕೆಗಳಲ್ಲಿ ಜನರಿಗೆ ಸಲಹೆ ಕೊಡುವುದಕ್ಕೆ ಅಡ್ಡಿಯಿದ್ದುದರಿಂದ ವೈದ್ಯರ ಪಟ್ಟಿಯಿಂದ ತನ್ನ ಹೆಸರನ್ನೇ ತೆಗೆಸಿಕೊಂಡ. ಅವನ ಬದುಕಿನಲ್ಲಿ ಕರುಳಿಗೆ ಒಳ್ಳೆಯದಾದ ಸಲಹೆ ಇದೇ.

ಆದರೆ ವೈದ್ಯರು ಕೈಬಿಟ್ಟ ನಂಬಿಕೆ ಜನರ ಕೈಯಲ್ಲಿ ಉಳಿಯಿತು. ಜರ್ಮನಿಯ ಲೂಯಿ ಕೂನೆ, ಅಡಾಲ್ಫ್ ಜುಸ್ಟ್ ಅವರ ಪ್ರಕೃತಿ ಚಿಕಿತ್ಸೆಯ ಪುಸ್ತಕಗಳ ದಾರಿಯಿಂದ ಅದರ ಒಂದು ಕವಲು ನಮ್ಮಲ್ಲಿಗೂ ಬಂತು. ರೋಗಗಳಿಗೆಲ್ಲ ಒಂದೇ ಮೂಲ, ಅದು ಹೊಟ್ಟೆಯಿಂದ ಶುರುವಾಗಿ ದೇಹದಲ್ಲಿ ಕೂಡಿಕೊಳ್ಳುವ ಬೇಡದ ವಸ್ತು ಎನ್ನುವುದು ಕೂನೆಯ ಮತ. ದಕ್ಷಿಣ ಆಫ್ರಿಕಾದಲ್ಲಿದ್ದಾಗ ಗಾಂಧೀಜಿಗೆ ಮಲಬದ್ಧತೆ, ತಲೆನೋವು ಕಾಡುತ್ತಿದ್ದವು. ಜುಸ್ಟ್‌ನ ಪುಸ್ತಕ ಓದಿ ಹೊಟ್ಟೆಯ ಮೇಲೆ ಒದ್ದೆ ಮಣ್ಣಿನ ಪಟ್ಟಿ ಕಟ್ಟಿಕೊಂಡು ಗುಣ ಕಂಡುದನ್ನು ಆತ್ಮಕಥೆಯಲ್ಲಿ ಬರೆದಿದ್ದಾರೆ. ಎನಿಮಾದಲ್ಲೂ ಅವರಿಗೆ ನಂಬಿಕೆಯಿತ್ತು. ಇಂದು ಕರ್ನಾಟಕದ ಪ್ರಕೃತಿ ಚಿಕಿತ್ಸಾ ಕೇಂದ್ರಗಳಲ್ಲಿ ಮಣ್ಣಿನ ಪಟ್ಟಿ, ಎನಿಮಾ ಎರಡೂ ಜೊತೆಯಾಗಿ ಸಿಗುವುದರ ಹಿಂದೆ ಲೈಪ್‌ಜಿಗ್‌ನ ಕೂನೆಯ ನೆರಳಿದೆ.

ನಮ್ಮದೇ ಹಳೆಯ ಪದ್ಧತಿ ಇದೆಯಲ್ಲ ಎನ್ನುವವರಿಗೆ ಒಂದು ಮಾತು. ಆಯುರ್ವೇದದ ಬಸ್ತಿ ವಾತದ ಚಿಕಿತ್ಸೆ. ಚೀಲಕ್ಕೆ ಪ್ರಾಣಿಗಳ ಮೂತ್ರಕೋಶ ಬಳಸುತ್ತಿದ್ದುದರಿಂದ ಆ ಹೆಸರು. ಚರಕ ಸಂಹಿತೆಯ ಸಿದ್ಧಿಸ್ಥಾನದಲ್ಲಿ ಬಸ್ತಿ ಕೊಡುವುದು ಹೇಗೆಂದು ಹೇಳಿರುವಷ್ಟೇ ಶ್ರದ್ಧೆಯಿಂದ, ಅದು ಕೆಟ್ಟರೆ ಏನೇನು ಅನಾಹುತವಾಗುತ್ತದೆ ಎಂದು ಹೇಳಲು ಪ್ರತ್ಯೇಕ ಅಧ್ಯಾಯಗಳೇ ಇವೆ. ನಳಿಕೆಯ ದೋಷ, ಚೀಲದ ದೋಷ, ಕೊಡುವವನ ಕೈಯ ದೋಷ ಎಲ್ಲ ಬಿಡಿಸಿ ಬರೆದಿದ್ದಾರೆ. ಆ ಚಿಕಿತ್ಸೆಯ ಫಲವನ್ನು ಇಂದಿನ ಅಳತೆಗೋಲಿನಲ್ಲಿ ಅಳೆಯುವುದು ಬೇರೆ ವಿಷಯ. ವಾರಾಂತ್ಯದ ಪ್ಯಾಕೇಜಿನಲ್ಲಿ ಕರುಳು ತೊಳೆಯುವವರ ಬಣ್ಣದ ಹಾಳೆಯಲ್ಲಿ ಮಾತ್ರ ಅನಾಹುತದ ಅಧ್ಯಾಯ ಕಾಣುವುದಿಲ್ಲ. ರಜೆಯ ದಿನ ಬೆಳಿಗ್ಗೆ ಮಕ್ಕಳನ್ನು ಹಿಡಿದು ಕೂರಿಸಿ ಹರಳೆಣ್ಣೆ ಕುಡಿಸುತ್ತಿದ್ದ ನಮ್ಮ ಅಜ್ಜಿಯಂದಿರದೂ ಇದೇ ನಂಬಿಕೆ. ಅವರು ಯಾರಿಂದಲೂ ದುಡ್ಡು ಕೀಳಲಿಲ್ಲ ಎನ್ನುವುದೊಂದೇ ವ್ಯತ್ಯಾಸ.

ಅನಾಹುತದ ಮಾತು ಸುಮ್ಮನೆ ಹೇಳಿದ್ದಲ್ಲ. 1978ರಿಂದ 1980ರ ನಡುವೆ ಅಮೆರಿಕದ ಕೊಲೊರಾಡೊದಲ್ಲಿ ಒಂದು ಚಿಕಿತ್ಸಾಲಯದಲ್ಲಿ ಯಂತ್ರದಿಂದ ಕರುಳು ತೊಳೆಸಿಕೊಂಡವರಲ್ಲಿ ಕನಿಷ್ಠ 36 ಮಂದಿಗೆ ಅಮೀಬಾ ಸೋಂಕು ತಗುಲಿತು. ಒಬ್ಬರ ಮಲದ ಕೊಳೆ ಯಂತ್ರದ ಮೂಲಕ ಇನ್ನೊಬ್ಬರ ಕರುಳಿಗೆ ಹೋಗಿತ್ತು. ಹತ್ತು ಜನರಿಗೆ ದೊಡ್ಡ ಕರುಳನ್ನು ಕತ್ತರಿಸಿ ತೆಗೆಯಬೇಕಾಯಿತು. ಅವರಲ್ಲಿ ಆರು ಜನ ಸತ್ತರು. ಶುಚಿಯಾಗಲು ಹೋದವರು ಅವರು.

ಹಾಗಾದರೆ ಒಳಗೆ ವರ್ಷಗಟ್ಟಲೆ ಅಂಟಿಕೊಂಡ ಕೊಳೆ? ಕೊಲೊನೋಸ್ಕೋಪಿಯಲ್ಲಿ ಕ್ಯಾಮೆರಾ ಇಳಿಸುವ ವೈದ್ಯರು ದಿನವೂ ಕಾಣುವುದು ನಸುಗೆಂಪಾದ, ಮಿನುಗುವ, ಲೋಳೆ ಸವರಿದ ಗೋಡೆ. ಅದರ ಮೇಲ್ಪದರದ ಕೋಶಗಳು ಕೆಲವೇ ದಿನಗಳಲ್ಲಿ ಉದುರಿ ಹೊಸದಾಗುತ್ತವೆ. ತನ್ನನ್ನು ತಾನೇ ಹೀಗೆ ಬದಲಿಸಿಕೊಳ್ಳುವ ಗೋಡೆಗೆ ವರ್ಷಗಳ ಕೊಳೆ ಅಂಟಿ ನಿಲ್ಲಲು ಜಾಗವೆಲ್ಲಿ? ಡಿಟಾಕ್ಸ್ ಪುಡಿ ತಿಂದವರು ‘ನೋಡಿ, ಏನು ಬಂತು’ ಎಂದು ತೋರಿಸುವ ಹಗ್ಗದಂಥ ವಸ್ತು ಆ ಪುಡಿಯಲ್ಲೇ ಇರುವ ಇಸಬ್‌ಗೋಲು, ಜೇಡಿಮಣ್ಣು ನೀರು ಕುಡಿದು ಕಟ್ಟಿದ ಮುದ್ದೆ. ಮೆಚ್ನಿಕಾಫ್ ಬೇಡವೆಂದ ಅಂಗ ದಿನಕ್ಕೆ ಲೀಟರಿಗೂ ಮಿಕ್ಕಿ ನೀರನ್ನು ಹೀರಿ ದೇಹಕ್ಕೆ ಮರಳಿಸುತ್ತದೆ. ಅಲ್ಲಿನ ಬ್ಯಾಕ್ಟೀರಿಯಾಗಳು ನಾರನ್ನು ಹುದುಗಿಸಿ ಕರುಳಿನ ಗೋಡೆಗೇ ಆಹಾರ ಕೊಡುತ್ತವೆ.

ತೊಳೆಯುವುದು ಬೇಕಾಗುವ ಸಂದರ್ಭಗಳೂ ಇವೆ: ಕೊಲೊನೋಸ್ಕೋಪಿಗೆ ಮುಂಚೆ, ಕೆಲವು ಶಸ್ತ್ರಚಿಕಿತ್ಸೆಗಳಿಗೆ ಮುಂಚೆ, ಮಲ ಗಟ್ಟಿಯಾಗಿ ಸಿಕ್ಕಿಕೊಂಡ ವೃದ್ಧರಿಗೆ. ಅದು ವೈದ್ಯರ ಕಣ್ಣೆದುರು ನಡೆಯುವ ಕೆಲಸ. ಉಳಿದವರಿಗೆ ದಿನಕ್ಕೆ ಮೂರು ಬಾರಿಯಿಂದ ವಾರಕ್ಕೆ ಮೂರು ಬಾರಿಯವರೆಗೆ ಎಲ್ಲವೂ ಸಹಜವೇ. ಹೃದಯ, ಮೂತ್ರಪಿಂಡದ ತೊಂದರೆ ಇದ್ದವರಿಗಂತೂ ಪದೇ ಪದೇ ನೀರೇರಿಸುವುದು ರಕ್ತದ ಲವಣಗಳನ್ನೇ ಏರುಪೇರು ಮಾಡೀತು. ನನಗೆ ಹೆಚ್ಚು ಭಯವಾಗುವುದು ಇನ್ನೊಂದಕ್ಕೆ. ಐವತ್ತು ದಾಟಿದವರಿಗೆ ಇದ್ದಕ್ಕಿದ್ದಂತೆ ಹೊಟ್ಟೆ ಕಟ್ಟತೊಡಗಿದರೆ, ಮಲದಲ್ಲಿ ರಕ್ತ ಕಂಡರೆ, ಕಾರಣವಿಲ್ಲದೆ ತೂಕ ಇಳಿದರೆ, ಅದು ದೊಡ್ಡ ಕರುಳಿನ ಕ್ಯಾನ್ಸರಿನ ಸೂಚನೆಯಿರಬಹುದು. ಆರಂಭದಲ್ಲೇ ಸಿಕ್ಕರೆ ಅದನ್ನು ಗುಣಪಡಿಸಬಹುದು. ಆ ಮೊದಲ ತಿಂಗಳುಗಳನ್ನು ‘ಒಳಗೆ ವಿಷ ತುಂಬಿದೆ, ಇನ್ನೆರಡು ಸಲ ತೊಳೆಸೋಣ’ ಎಂದು ಕಳೆದವರಿಗೆ ಆ ತಿಂಗಳುಗಳು ಮತ್ತೆ ಸಿಗುವುದಿಲ್ಲ.