ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್

ರಿವರ್ಸ್ ಟ್ರಾನ್ಸ್‌ಕ್ರಿಪ್ಟೇಸ್ ಎಂಬುದು ಆರ್‌ಎನ್‌ಎಯನ್ನು ಆಧಾರವಾಗಿಟ್ಟುಕೊಂಡು ಡಿಎನ್‌ಎಯನ್ನು ರಚಿಸುವ ಕಿಣ್ವ. ಜೀವಕೋಶದಲ್ಲಿ ಸಾಮಾನ್ಯವಾಗಿ ಡಿಎನ್‌ಎಯಿಂದ ಆರ್‌ಎನ್‌ಎ ತಯಾರಾಗುತ್ತದೆ. ಇಲ್ಲಿ ದಿಕ್ಕು ಬದಲಾಗುವುದರಿಂದ ಈ ಕ್ರಿಯೆಗೆ ಹಿಮ್ಮುಖ ಪ್ರತಿಲೇಖನ ಎಂಬ ಹೆಸರಿದೆ. ಎಚ್‌ಐವಿ ಸೇರಿದಂತೆ ಎಲ್ಲ ರೆಟ್ರೊವೈರಸ್‌ಗಳ ವೃದ್ಧಿಗೆ ಈ ಕಿಣ್ವ ಅನಿವಾರ್ಯ. 1970ರಲ್ಲಿ ಹೊವರ್ಡ್ ಟೆಮಿನ್ ಮತ್ತು ಸತೋಶಿ ಮಿಜುಟಾನಿ ಇದನ್ನು ಪತ್ತೆಹಚ್ಚಿದರು; ಅದೇ ವರ್ಷ ಡೇವಿಡ್ ಬಾಲ್ಟಿಮೋರ್ ಪ್ರತ್ಯೇಕವಾಗಿ ಕಂಡುಹಿಡಿದರು. ಟೆಮಿನ್ ಮತ್ತು ಬಾಲ್ಟಿಮೋರ್ 1975ರ ನೊಬೆಲ್ ಪ್ರಶಸ್ತಿಯನ್ನು ಹಂಚಿಕೊಂಡವರಲ್ಲಿ ಸೇರಿದ್ದಾರೆ.

ರೆಟ್ರೊವೈರಸ್‌ಗಳಲ್ಲಿ ಕಾರ್ಯವಿಧಾನ

ವೈರಸ್ ತನ್ನ ಆರ್‌ಎನ್‌ಎಯ ಜೊತೆಗೆ ಈ ಕಿಣ್ವವನ್ನೂ ಹೊತ್ತು ಜೀವಕೋಶವನ್ನು ಪ್ರವೇಶಿಸುತ್ತದೆ. ಹೊಸ ಎಳೆಯನ್ನು ಆರಂಭಿಸಲು ಕಿಣ್ವಕ್ಕೆ ಒಂದು ಆಸರೆ ಬೇಕು. ವೈರಸ್‌ನ ಆರ್‌ಎನ್‌ಎಗೆ ಅಂಟಿಕೊಂಡಿರುವ ಆತಿಥೇಯ ಜೀವಕೋಶದ ಟಿಆರ್‌ಎನ್‌ಎ ಆ ಆಸರೆಯನ್ನು ಒದಗಿಸುತ್ತದೆ. ನಕಲಾದ ಆರ್‌ಎನ್‌ಎಯನ್ನು ಕಿಣ್ವದ ಇನ್ನೊಂದು ಭಾಗ ಕತ್ತರಿಸುತ್ತದೆ. ಬಳಿಕ ಎರಡನೆಯ ಎಳೆ ರಚನೆಯಾಗಿ ಡಿಎನ್‌ಎ ಪೂರ್ಣಗೊಳ್ಳುತ್ತದೆ. ಇಂಟಿಗ್ರೇಸ್ ಎಂಬ ಮತ್ತೊಂದು ಕಿಣ್ವವು ಇದನ್ನು ಜೀವಕೋಶದ ವರ್ಣತಂತುವಿನೊಳಗೆ ಸೇರಿಸುತ್ತದೆ. ಹೀಗೆ ಸೇರಿದ ಡಿಎನ್‌ಎಗೆ ಪ್ರೋವೈರಸ್ ಎಂದು ಹೆಸರು. ಹೊಸ ವೈರಸ್‌ಗಳಿಗೆ ಬೇಕಾದ ಆರ್‌ಎನ್‌ಎಯನ್ನು ಜೀವಕೋಶವೇ ಅದರಿಂದ ತಯಾರಿಸುತ್ತದೆ.

ರೇಷ್ಮೆಹುಳುವಿನಲ್ಲಿ

ಈ ಬಗೆಯ ಕಿಣ್ವಗಳು ವೈರಸ್‌ಗಳಿಗಷ್ಟೇ ಸೀಮಿತವಲ್ಲ. ಚಿಕ್ಕಬಳ್ಳಾಪುರ ಜಿಲ್ಲೆಯ ಶಿಡ್ಲಘಟ್ಟ, ಚಿಂತಾಮಣಿ ಮೊದಲಾದ ತಾಲ್ಲೂಕುಗಳ ರೈತರು ಹಿಪ್ಪುನೇರಳೆ ಸೊಪ್ಪು ಹಾಕಿ ಸಾಕುವ ರೇಷ್ಮೆಹುಳುವಿನ ಪ್ರಭೇದದ ಹೆಸರು ಬಾಂಬಿಕ್ಸ್ ಮೋರಿ. ಈ ಪ್ರಭೇದದ ಡಿಎನ್‌ಎಯಲ್ಲಿ ಆರ್‌2 ಎಂಬ, ತನ್ನ ನಕಲನ್ನು ತಾನೇ ಹರಡಿಕೊಳ್ಳುವ ತುಣುಕಿದೆ. ಇದು ವೈರಸ್ ಅಲ್ಲ. ಇದರ ಪ್ರೋಟೀನು ಹುಳುವಿನ ಡಿಎನ್‌ಎಯನ್ನು ಒಂದು ನಿರ್ದಿಷ್ಟ ಸ್ಥಳದಲ್ಲಿ ಕತ್ತರಿಸಿ, ಕತ್ತರಿಸಿದ ತುದಿಯನ್ನೇ ಆಸರೆಯಾಗಿಸಿಕೊಂಡು ಅಲ್ಲಿಯೇ ಹಿಮ್ಮುಖ ಪ್ರತಿಲೇಖನ ನಡೆಸುತ್ತದೆ. ರೆಟ್ರೊವೈರಸ್ ಮೊದಲು ನಕಲಿಸಿ ಅನಂತರ ಸೇರಿಸಿದರೆ, ಆರ್‌2ರಲ್ಲಿ ಎರಡೂ ಒಂದೇ ಜಾಗದಲ್ಲಿ ನಡೆಯುತ್ತವೆ. ಥಾಮಸ್ ಐಕ್‌ಬುಶ್ ಅವರ ತಂಡ 1993ರಲ್ಲಿ ಈ ವಿಧಾನವನ್ನು ವಿವರಿಸಿತು.

ಚಿಕಿತ್ಸೆಯಲ್ಲಿ ಮಹತ್ವ

ಎಚ್‌ಐವಿಯ ಈ ಕಿಣ್ವಕ್ಕೆ ನಕಲಿನ ತಪ್ಪುಗಳನ್ನು ತಿದ್ದುವ ಸಾಮರ್ಥ್ಯವಿಲ್ಲ. ಆದ್ದರಿಂದ ವೈರಸ್ ಬೇಗನೆ ಮಾರ್ಪಡುತ್ತದೆ. ಒಂದೇ ಔಷಧಿ ಕೊಟ್ಟರೆ ಅದಕ್ಕೆ ಮಣಿಯದ ರೂಪಗಳು ಉಳಿದುಕೊಳ್ಳುತ್ತವೆ. ಈ ಕಾರಣದಿಂದ ಹಲವು ಔಷಧಿಗಳನ್ನು ಒಟ್ಟಿಗೆ ನೀಡಲಾಗುತ್ತದೆ. ಭಾರತದಲ್ಲಿ ಉಚಿತ ಎಆರ್‌ಟಿ ಚಿಕಿತ್ಸೆ 2004ರ ಏಪ್ರಿಲ್‌ನಲ್ಲಿ ಆರಂಭವಾಯಿತು. ಮೊದಲ ಹಂತದ ರಾಜ್ಯಗಳಲ್ಲಿ ಕರ್ನಾಟಕವೂ ಇತ್ತು. ಈಗ ಸಾಮಾನ್ಯವಾಗಿ ನೀಡುವ ಸಂಯುಕ್ತ ಮಾತ್ರೆಯಲ್ಲಿ ಟೆನೊಫೊವಿರ್ ಮತ್ತು ಲ್ಯಾಮಿವುಡಿನ್ ಈ ಕಿಣ್ವವನ್ನು ತಡೆದರೆ, ಡೊಲುಟೆಗ್ರಾವಿರ್ ಇಂಟಿಗ್ರೇಸನ್ನು ತಡೆಯುತ್ತದೆ. ಆದರೆ ವರ್ಣತಂತುವನ್ನು ಈಗಾಗಲೇ ಸೇರಿರುವ ಪ್ರೋವೈರಸನ್ನು ಈ ಔಷಧಿಗಳು ತೆಗೆದುಹಾಕಲಾರವು. ಮಾತ್ರೆ ನಿಲ್ಲಿಸಿದರೆ ವೈರಸ್ ಮತ್ತೆ ವೃದ್ಧಿಯಾಗುವುದರಿಂದ ಚಿಕಿತ್ಸೆಯನ್ನು ಜೀವನಪರ್ಯಂತ ಮುಂದುವರಿಸಬೇಕಾಗುತ್ತದೆ.