ರುಸ್ತುಂ ಅಂದ್ರೆ ಯಾರು? (ಡ್ರೋನ್ ಓದಲು ಹೊರಟವರಿಗೊಂದು ಹಳೇ ಕಥೆ)

ನಮ್ಮೂರು ಹೆಮ್ಮಾಡಿ. ಕುಂದಾಪುರ ದಾಟಿ ಬೈಂದೂರಿನ ಕಡೆ ಹೋಗುವಾಗ ವಂಡ್ಸೆ, ಕೊಲ್ಲೂರಿಗೆ ದಾರಿ ಕವಲೊಡೆಯುವ ಊರು. ಮಾರಣಕಟ್ಟೆ ಜಾತ್ರೆಗೆ ಸೇವಂತಿಗೆ ಬೆಳೆಯುವ ಊರು ಅಂದ್ರೆ ಇನ್ನೂ ಬೇಗ ಗೊತ್ತಾಗಬಹುದು. ಪಿಯುಸಿ ಮುಗಿಸಿದ ಹುಡುಗರು ಇಲ್ಲಿಂದ ನನ್ನಂಥ ಸಾಫ್ಟ್‌ವೇರಿನವರಿಗೆ ಫೋನ್ ಮಾಡಿ ಈಗ ಹೊಸದೊಂದು ಪ್ರಶ್ನೆ ಕೇಳುತ್ತಾರೆ: "ಡ್ರೋನ್ ಇಂಜಿನಿಯರಿಂಗ್ ಓದಿದ್ರೆ ಕೆಲ್ಸ ಇತ್ತಾ?" ತಮಾಷೆಯ ಪ್ರಶ್ನೆಯಲ್ಲ. ನಾಲ್ಕು ವರ್ಷ, ಜೊತೆಗೆ ಅಪ್ಪನ ತಲೆ ಮೇಲೊಂದು ಬ್ಯಾಂಕ್ ಸಾಲ. ಅದಕ್ಕೇ ಸ್ವಲ್ಪ ಹಿಂದಿನಿಂದ ಹೇಳೋಣ ಅನ್ನಿಸಿತು.

ಡ್ರೋನ್ ನಿನ್ನೆ ಮೊನ್ನೆ ಮದುವೆ ಮನೆಯ ವಿಡಿಯೋ ತೆಗೆಯಲು ಬಂದದ್ದು ಅಂತ ತುಂಬಾ ಜನ ಅಂದುಕೊಂಡಿದ್ದಾರೆ. ನಮ್ಮ ರಾಜ್ಯದಲ್ಲಿ ಇದರ ಬೇರು ಹುಡುಕಿದರೆ 1940ಕ್ಕೆ ಹೋಗುತ್ತದೆ. ಆ ವರ್ಷದ ಡಿಸೆಂಬರಿನಲ್ಲಿ ವಾಲಚಂದ್ ಹೀರಾಚಂದ್ ಅವರು ಮೈಸೂರು ಸಂಸ್ಥಾನದ ನೆರವಿನಿಂದ ಬೆಂಗಳೂರಿನಲ್ಲಿ ವಿಮಾನ ಕಾರ್ಖಾನೆ ಶುರು ಮಾಡಿದರು. ಅದೇ ಮುಂದೆ ಎಚ್‌ಎಎಲ್ ಆಯಿತು. ಕಾರ್ಖಾನೆ ಬಂತು, ಆದರೆ ವಿಮಾನದ ಲೆಕ್ಕ ಗೊತ್ತಿದ್ದವರು ಬೇಕಲ್ಲ? 1942ರಲ್ಲಿ ಟಾಟಾ ಇನ್‌ಸ್ಟಿಟ್ಯೂಟಿನಲ್ಲಿ (ಈಗಿನ ಐಐಎಸ್‌ಸಿ) ವೈಮಾನಿಕ ವಿಭಾಗ ತೆರೆಯಿತು. ಅದನ್ನು ಕಟ್ಟಿದವರು ವಿ.ಎಂ. ಘಾಟಗೆ. ಅವರ ನೇತೃತ್ವದಲ್ಲೇ ವಿನ್ಯಾಸಗೊಂಡ ಎಚ್‌ಟಿ-2 ತರಬೇತಿ ವಿಮಾನ 1951ರಲ್ಲಿ ಹಾರಿತು.

1959ರಲ್ಲಿ ಬೆಂಗಳೂರಿನಲ್ಲಿ ಎಡಿಇ ಎಂಬ ರಕ್ಷಣಾ ಪ್ರಯೋಗಾಲಯ ಹುಟ್ಟಿತು. ಪೈಲಟ್ ಇಲ್ಲದ ವಿಮಾನಗಳ ನಮ್ಮ ಕಥೆ ಹೆಚ್ಚಾಗಿ ನಡೆದದ್ದು ಇಲ್ಲೇ. ಮೊದಲು 'ಲಕ್ಷ್ಯ'. ಸೈನಿಕರು ಗುರಿ ಇಟ್ಟು ಹೊಡೆಯುವ ಅಭ್ಯಾಸಕ್ಕೆ ಬಳಸುವ ವಿಮಾನ ಇದು. ರಾಕೆಟ್ ತಳ್ಳಿ ಮೇಲಕ್ಕೇರಿಸುತ್ತದೆ, ಪ್ಯಾರಾಚೂಟ್ ಕೆಳಗಿಳಿಸುತ್ತದೆ. ಆಮೇಲೆ 'ನಿಶಾಂತ್'. ಲಾರಿ ಮೇಲಿನ ಕವಣೆಯಂಥ ಯಂತ್ರದಿಂದ ಚಿಮ್ಮಿ ಹಾರುತ್ತಿತ್ತು. ಸೇನೆ ಪಡೆದ ನಾಲ್ಕೂ ನಿಶಾಂತ್‌ಗಳು 2015ರ ಹೊತ್ತಿಗೆ ಬಿದ್ದು ಹೋದವು. ಹೌದು, ನಾಲ್ಕೂ!

ಇನ್ನು ರುಸ್ತುಂ. ಪುರಾಣದ ಪೈಲ್ವಾನನ ಹೆಸರು ಅಂದುಕೊಂಡಿದ್ದೀರಾ? ಅಲ್ಲ, ಒಬ್ಬ ಮೇಷ್ಟ್ರ ಹೆಸರು. ಐಐಎಸ್‌ಸಿಯಲ್ಲಿ ಪ್ರಾಧ್ಯಾಪಕರಾಗಿದ್ದ ರುಸ್ತುಂ ದಮಾನಿಯಾ 1980ರ ದಶಕದಲ್ಲಿ ಎನ್‌ಎಎಲ್‌ನ ಪುಟ್ಟ ಹಗುರ ವಿಮಾನವೊಂದರ ಕೆಲಸ ನಡೆಸಿದ್ದರು. ಅವರು 2001ರಲ್ಲಿ ತೀರಿಕೊಂಡರು. ಆ ವಿಮಾನದ ವಿನ್ಯಾಸವನ್ನೇ ಆಧಾರವಾಗಿಟ್ಟುಕೊಂಡು ಎಡಿಇ ಮಾಡಿದ ಡ್ರೋನ್ ರುಸ್ತುಂ-1. ನವೆಂಬರ್ 2009ರ ಮೊದಲ ಹಾರಾಟದಲ್ಲಿ ಅದು ಹೊಸೂರಿನ ಹತ್ತಿರ ನೆಲಕ್ಕೆ ಬಿತ್ತು. ಅಕ್ಟೋಬರ್ 2010ರಲ್ಲಿ ಮತ್ತೆ ಹಾರಿತು, ಸರಿಯಾಗಿ ಇಳಿಯಿತು. ಅದರ ತಮ್ಮ ರುಸ್ತುಂ-2 ಹಾರಿದ್ದು 2016ರಲ್ಲಿ, ಚಿತ್ರದುರ್ಗದ ಚಳ್ಳಕೆರೆಯಲ್ಲಿ.

ಗಮನಿಸಿ, ಇವರಲ್ಲಿ ಯಾರೂ 'ಡ್ರೋನ್ ಡಿಗ್ರಿ' ಓದಿದವರಲ್ಲ. ಏರೋನಾಟಿಕಲ್, ಮೆಕ್ಯಾನಿಕಲ್, ಎಲೆಕ್ಟ್ರಾನಿಕ್ಸ್ ಓದಿದವರು ಒಂದೇ ಯಂತ್ರದ ಸುತ್ತ ಕೂತರು. ಇವತ್ತಿಗೂ ಅಷ್ಟೇ. ರೆಕ್ಕೆ-ಮೈ ವಿನ್ಯಾಸ ಏರೋದವರದ್ದು, ಮೋಟಾರು-ಬ್ಯಾಟರಿ ಎಲೆಕ್ಟ್ರಿಕಲ್‌ನವರದ್ದು. ಗೈರೋ ಹೇಳುವುದನ್ನು ಸೆಕೆಂಡಿಗೆ ನೂರಾರು ಸಲ ಕೇಳಿ ಪ್ರತಿ ಮೋಟಾರಿನ ವೇಗ ತಿದ್ದುವ ಕೋಡ್ ನಮ್ಮಂಥವರದ್ದು. ಪಿಎಕ್ಸ್4, ಆರ್ಡುಪೈಲಟ್ ಎಂಬ ಹಾರಾಟದ ತಂತ್ರಾಂಶಗಳ ಮೂಲ ಕೋಡ್ ಪುಕ್ಕಟೆ ಸಿಗುತ್ತದೆ. ಕಾಲೇಜು ಸೇರುವ ಮೊದಲೇ ಓದಿ ನೋಡಬಹುದು!

ಇನ್ನೊಂದು ಗೊಂದಲ: ಡ್ರೋನ್ ಹಾರಿಸುವುದು ಬೇರೆ, ಮಾಡುವುದು ಬೇರೆ. ಆಗಸ್ಟ್ 2021ರ ಡ್ರೋನ್ ನಿಯಮಗಳ ಪ್ರಕಾರ ಹಾರಿಸುವ ಪ್ರಮಾಣಪತ್ರಕ್ಕೆ 18 ವರ್ಷ, ಹತ್ತನೇ ಕ್ಲಾಸ್ ಪಾಸು, ಮಾನ್ಯತೆ ಪಡೆದ ಶಾಲೆಯ ತರಬೇತಿ ಇದ್ದರೆ ಸಾಕು. ಸರ್ವೆ, ಸಿನಿಮಾ, ಗದ್ದೆಗೆ ಔಷಧಿ ಸಿಂಪಡಣೆಯ ಕೆಲಸಕ್ಕೆ ಅದೇ ದಾರಿ. ಅದಕ್ಕೋಸ್ಕರ ನಾಲ್ಕು ವರ್ಷದ ಸಾಲ ಬೇಡ. ಮಾಡುವವರಾಗಬೇಕಾದರೆ ಮಾತ್ರ ಇಂಜಿನಿಯರಿಂಗ್. ಆಗಲೂ ಕೋರ್ಸಿನ ಹೆಸರು ನೋಡಬೇಡಿ. ಗಣಿತ, ಕಂಟ್ರೋಲ್ ಸಿಸ್ಟಮ್, ಲ್ಯಾಬು ಹೇಗಿದೆ ನೋಡಿ. ಗಟ್ಟಿ ಬುನಾದಿಯ ಡಿಗ್ರಿ ಇದ್ದರೆ ಡ್ರೋನ್ ಕಂಪನಿ ಮುಚ್ಚಿದರೂ ಕಾರು, ಉಪಗ್ರಹ, ರೋಬೋಟ್ ಮಾಡುವಲ್ಲಿ ಜಾಗ ಹುಡುಕಬಹುದು.

ಮಾಡಲು ಕೆಲಸ ಉಳಿದಿದೆಯಾ? ನಮ್ಮ ತೋಟಗಳನ್ನೇ ನೋಡಿ. ಮಳೆಗಾಲದಲ್ಲಿ ಅಡಿಕೆಗೆ ಕೊಳೆರೋಗದ ಮದ್ದು ಹೊಡೆಯಲು ಮರ ಹತ್ತುವವರು ಸಿಗುವುದು ಕಷ್ಟ. ಡ್ರೋನ್ ಮೇಲಿಂದ ಹೊಡೆದರೆ ಮದ್ದು ಮೊದಲು ಬೀಳುವುದು ಸೋಗೆಯ ಮೇಲೆ, ರೋಗ ಬರುವುದು ಅದರಡಿಯ ಗೊನೆಗೆ. ಗಾಳಿ, ಮಳೆ, ಒತ್ತೊತ್ತಾದ ಮರ, ಎಲ್ಲ ದಾಟಿ ಗೊನೆಗೇ ಮದ್ದು ತಲುಪಿಸುವ ಯಂತ್ರ ಬೇಕು. ಫೋನ್ ಮಾಡುವ ಹುಡುಗರಿಗೆ ನಾನು ಕೊಡುವ ಹೋಂವರ್ಕ್ ಅದೇ :)