ಮೊಡವೆ ಮಾತ್ರೆ ಮಣ್ಣಿನಿಂದ ಬಂದ ಕಥೆ

ಏಳು, ಎಂಟನೇ ತರಗತಿಗೆ ಬರುತ್ತಿದ್ದಂತೆ ಮಕ್ಕಳ ಮುಖದಲ್ಲಿ ಮೊಡವೆ ಏಳುತ್ತವೆ. ಕೆಲವರು ಡಾಕ್ಟರ ಚೀಟಿಯೇ ಇಲ್ಲದೆ ಮೆಡಿಕಲ್ ಶಾಪಿನಿಂದ ಮಾತ್ರೆ ತಂದು ನುಂಗುತ್ತಾರೆ. ನಾನು ವೈದ್ಯನಲ್ಲ, ಮೇಷ್ಟ್ರು. ಆದರೆ ಟೆಟ್ರಾಸೈಕ್ಲಿನ್ ಜಾತಿಯ ಈ ಮಾತ್ರೆಗಳಿಗೆ ಒಂದು ಚರಿತ್ರೆಯಿದೆ. ಅದರಲ್ಲಿ ನಮ್ಮ ಆಂಧ್ರದವರೊಬ್ಬರ ಪಾಲೂ ಇದೆ.

ಪೆನಿಸಿಲಿನ್ ಬಂದ ಮೇಲೆ ಅಮೆರಿಕದ ಔಷಧ ಕಂಪನಿಗಳು ಊರೂರಿನ ಮಣ್ಣು ತರಿಸಿ ಪರೀಕ್ಷಿಸುತ್ತಿದ್ದವು. ಲೆಡರ್ಲಿ ಕಂಪನಿಯಲ್ಲಿ ಈ ಕೆಲಸ ಮಾಡುತ್ತಿದ್ದವರು ಬೆಂಜಮಿನ್ ಡಗ್ಗರ್. ಕಾಲೇಜಿನಿಂದ ನಿವೃತ್ತರಾಗಿದ್ದ, ಎಪ್ಪತ್ತು ದಾಟಿದ ಸಸ್ಯಶಾಸ್ತ್ರಜ್ಞ! 1945ರಲ್ಲಿ ಮಿಸೌರಿ ವಿಶ್ವವಿದ್ಯಾಲಯದ ಸ್ಯಾನ್‌ಬಾರ್ನ್ ಹೊಲದಿಂದ ಬಂದ ಮಣ್ಣಿನಲ್ಲಿ ಅವರಿಗೆ ಹೊನ್ನಿನ ಬಣ್ಣದ ಒಂದು ಸೂಕ್ಷ್ಮಜೀವಿ ಸಿಕ್ಕಿತು. ಅದರಿಂದ ತೆಗೆದ ಔಷಧಕ್ಕೆ ಆರಿಯೋಮೈಸಿನ್ ಎಂದು ಹೆಸರಿಟ್ಟರು. ಆಗ ಅಲ್ಲಿ ಸಂಶೋಧನಾ ವಿಭಾಗದ ಮುಖ್ಯಸ್ಥರಾಗಿದ್ದವರು ಭೀಮಾವರಂನಲ್ಲಿ ಹುಟ್ಟಿದ ಯಲ್ಲಾಪ್ರಗಡ ಸುಬ್ಬರಾವ್. ಔಷಧ 1948ರಲ್ಲಿ ಲೋಕಕ್ಕೆ ಪ್ರಕಟವಾಯಿತು. ಅದೇ ವರ್ಷ ಆಗಸ್ಟ್‌ನಲ್ಲಿ, 53ನೇ ವಯಸ್ಸಿನಲ್ಲಿ, ಸುಬ್ಬರಾವ್ ತೀರಿಕೊಂಡರು. ಇಲ್ಲಿನ ಎಷ್ಟು ಮಕ್ಕಳಿಗೆ ಅವರ ಹೆಸರು ಗೊತ್ತು ಹೇಳಿ?

ಅದೇ ಕುಟುಂಬದ ಟೆಟ್ರಾಸೈಕ್ಲಿನ್ 1950ರ ದಶಕದಲ್ಲಿ ಬಂತು. ಚರ್ಮವೈದ್ಯರು ಅದನ್ನು ಮೊಡವೆಗೂ ಬಳಸತೊಡಗಿದರು. ಚರ್ಮದ ಎಣ್ಣೆ ರಂಧ್ರ ಕಟ್ಟಿಕೊಂಡಾಗ ಒಳಗಿನ ಬ್ಯಾಕ್ಟೀರಿಯಾ ಹೆಚ್ಚಿ ಕೆಂಪು ಬಾವು ಬರುತ್ತದೆ. ಈ ಔಷಧ ಬ್ಯಾಕ್ಟೀರಿಯಾವನ್ನೂ ತಡೆಯುತ್ತದೆ, ಬಾವನ್ನೂ ಇಳಿಸುತ್ತದೆ. ಬರೀ ಕಪ್ಪು ಚುಕ್ಕೆಗಳಿಗೆ ಅದರಿಂದ ಹೆಚ್ಚಿನ ಪ್ರಯೋಜನವಿಲ್ಲ.

ತೊಂದರೆ ಕಾಣಿಸಿದ್ದು ಮಕ್ಕಳ ಹಲ್ಲಿನಲ್ಲಿ. ಬೇರೆ ಕಾಯಿಲೆಗಾಗಿ ಇದನ್ನು ಬಹುಕಾಲ ತೆಗೆದುಕೊಂಡ ಮಕ್ಕಳ ಹಲ್ಲು ಹಳದಿ, ಕಂದು ಬಣ್ಣಕ್ಕೆ ತಿರುಗಿದ್ದನ್ನು 1956ರಲ್ಲಿ ಅಮೆರಿಕದ ವೈದ್ಯರು ವರದಿ ಮಾಡಿದರು. ಟೆಟ್ರಾಸೈಕ್ಲಿನ್‌ಗೆ ಕ್ಯಾಲ್ಸಿಯಂ, ಅಂದರೆ ಸುಣ್ಣದ ಅಂಶ ಕಂಡರೆ ಅಂಟಿಕೊಳ್ಳುವ ಗುಣ. ಹಾಲಿನ ಜೊತೆ ನುಂಗಿದರೆ ಹೊಟ್ಟೆಯಲ್ಲೇ ಅಂಟಿಕೊಂಡು ರಕ್ತಕ್ಕೆ ಸರಿಯಾಗಿ ಸೇರುವುದಿಲ್ಲ. ರಕ್ತಕ್ಕೆ ಸೇರಿದ್ದು ಬೆಳೆಯುವ ಹಲ್ಲು, ಮೂಳೆಗೆ ಹೋಗಿ ಕೂರುತ್ತದೆ. ಆದ್ದರಿಂದಲೇ ಗರ್ಭಿಣಿಯರಿಗೂ 8 ವರ್ಷದೊಳಗಿನ ಮಕ್ಕಳಿಗೂ ಮೊಡವೆಗೆಂದು ಇದನ್ನು ಕೊಡುವುದಿಲ್ಲ. (ನಮ್ಮ ಅನಂತಪುರದ ಕಡೆ ಹಲ್ಲು ಕಂದಾಗಿದ್ದರೆ ಎಲ್ಲರೂ ಮೊದಲು ಬೋರ್‌ವೆಲ್ ನೀರಿನ ಫ್ಲೋರೈಡನ್ನೇ ದೂರುತ್ತಾರೆ. ಹೆಚ್ಚಿನ ಪಾಲು ಅದು ನಿಜವೂ ಹೌದು.)

ಈ ಅಂಟುಗುಣದ ಸಾಕ್ಷಿ ಎಲ್ಲಿ ಸಿಕ್ಕಿದೆ ಗೊತ್ತೇ? ಸೂಡಾನಿನ ಪ್ರಾಚೀನ ನುಬಿಯಾದಲ್ಲಿ! ಕ್ರಿ.ಶ. 350ರಿಂದ 550ರ ನಡುವೆ ಬದುಕಿದ್ದ ಜನರ ಮೂಳೆಗಳು ಅತಿನೇರಳೆ ಬೆಳಕಿನಲ್ಲಿ ಹಳದಿ ಹಸಿರಾಗಿ ಹೊಳೆದದ್ದನ್ನು 1980ರಲ್ಲಿ ವಿದ್ವಾಂಸರು ಪ್ರಕಟಿಸಿದರು. ಅದು ಟೆಟ್ರಾಸೈಕ್ಲಿನ್ನೇ. ಮಣ್ಣಿನ ಆ ಜಾತಿಯ ಜೀವಿ ಸೇರಿದ ಧಾನ್ಯದಿಂದ ಹುಳಿಬರಿಸಿ ಮಾಡಿದ ಬಿಯರ್ ಕುಡಿದು ಅದು ದೇಹಕ್ಕೆ ಸೇರಿರಬೇಕೆಂದು ಅವರ ವಿವರಣೆ. ಸಾವಿರದ ನಾನೂರು ವರ್ಷ ಕಳೆದರೂ ಔಷಧ ಮೂಳೆ ಬಿಟ್ಟಿರಲಿಲ್ಲ.

ಹಳೆಯ ಮಾತ್ರೆಯದ್ದು ಇನ್ನೊಂದು ಅಪಾಯ. ಕೆಟ್ಟುಹೋದ ಟೆಟ್ರಾಸೈಕ್ಲಿನ್ ನುಂಗಿದವರ ಮೂತ್ರಪಿಂಡಕ್ಕೆ ಪೆಟ್ಟಾದದ್ದು 1963ರಲ್ಲೇ ವರದಿಯಾಗಿತ್ತು. ಟ್ರಂಕಿನಲ್ಲಿಟ್ಟ ಉಳಿಕೆ ಮಾತ್ರೆ ಹುಡುಕುವವರು ಗಮನಿಸಬೇಕು.

ಆಮೇಲೆ ಡಾಕ್ಸಿಸೈಕ್ಲಿನ್, ಮಿನೋಸೈಕ್ಲಿನ್ ಬಂದವು. ಡಾಕ್ಸಿಸೈಕ್ಲಿನ್ ತೆಗೆದುಕೊಳ್ಳುವಾಗ ಬಿಸಿಲಿಗೆ ಚರ್ಮ ಬೇಗ ಸುಡುತ್ತದೆ. ಹೊಲದಲ್ಲಿ ದುಡಿಯುವ ನಮ್ಮವರಿಗೆ ಇದು ಸಣ್ಣ ಮಾತಲ್ಲ. ಮಿನೋಸೈಕ್ಲಿನ್‌ನಿಂದ ತಲೆಸುತ್ತು ಬರಬಹುದು, ಬಹುಕಾಲ ಬಳಸಿದರೆ ಚರ್ಮಕ್ಕೆ ನೀಲಿ ಬೂದು ಬಣ್ಣ ಹತ್ತಬಹುದು. ಅಪರೂಪಕ್ಕೆ ಈ ಜಾತಿಯ ಮಾತ್ರೆಗಳಿಂದ ತಲೆಬುರುಡೆಯೊಳಗೆ ಒತ್ತಡ ಏರುತ್ತದೆ. ತೀವ್ರ ತಲೆನೋವು, ಕಣ್ಣು ಮಂಜಾಗುವುದು ಕಂಡರೆ ಕೂಡಲೇ ಡಾಕ್ಟರ ಬಳಿ ಹೋಗಬೇಕು.

1970ರ ದಶಕದ ಕೊನೆಯಿಂದ ಮೊಡವೆಯ ಬ್ಯಾಕ್ಟೀರಿಯಾ ಆಂಟಿಬಯೋಟಿಕ್‌ಗಳಿಗೆ ಬಗ್ಗದಿರುವುದೂ ವರದಿಯಾಗತೊಡಗಿತು. ಹೀಗಾಗಿ ಈಗ ವೈದ್ಯರು ಮಾತ್ರೆಯೊಂದನ್ನೇ ಕೊಡದೆ ಬೆಂಜಾಯಿಲ್ ಪೆರಾಕ್ಸೈಡ್‌ನಂಥ ಹಚ್ಚುವ ಔಷಧವನ್ನೂ ಸೇರಿಸುತ್ತಾರೆ, ಮೂರು ನಾಲ್ಕು ತಿಂಗಳಲ್ಲಿ ಮಾತ್ರೆ ನಿಲ್ಲಿಸಲು ನೋಡುತ್ತಾರೆ. ಡಾಕ್ಸಿಸೈಕ್ಲಿನ್ ನುಂಗುವಾಗ ದೊಡ್ಡ ಲೋಟದ ತುಂಬ ನೀರು ಕುಡಿಯಬೇಕು, ಕೂಡಲೇ ಮಲಗಬಾರದು. ಮಾತ್ರೆ ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಅಲ್ಲೇ ಹುಣ್ಣಾಗುತ್ತದೆ.